ಎರಡು ಪ್ರೊಸೆಸರ್, ಒಂದು ಪುಟದ ವರದಿ

ಇಪ್ಪತ್ತೆಂಟು ವರ್ಷದಿಂದ ಕಂಪ್ಯೂಟರ್ ಪಾಠ ಹೇಳುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ನಾನು ಬರೆದದ್ದಕ್ಕೆ ಲೆಕ್ಕವಿಲ್ಲ. ನೋಟ್ಸು, ಪ್ರಶ್ನೆಪತ್ರಿಕೆ, ಲ್ಯಾಬ್ ಕೈಪಿಡಿ, ಹೀಗೆ. ನೋಟ್ಸನ್ನು ಹುಡುಗರು ಪರೀಕ್ಷೆ ಮುಗಿದ ಮರುದಿನ ಮಿರ್ಚಿ ಬಜ್ಜಿ ಕಟ್ಟಿಕೊಡುವವನಿಗೆ ಹಾಕುತ್ತಾರೆ. ಜನ ಓದಿ, ನಂಬಿ, ಅದರಂತೆ ನಡೆದುಕೊಂಡದ್ದು ನಾನು ಬರೆದ ಒಂದೇ ಒಂದು ಪುಟವನ್ನು. ಎರಡು ಹಳೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಯಾವುದು ಚುರುಕು, ಯಾವುದು ಕಡಿಮೆ ಕರೆಂಟು ತಿನ್ನುತ್ತದೆ ಎಂದು ಹೋಲಿಸಿ ಬರೆದ ವರದಿ ಅದು. ಅದು ತಪ್ಪಾಗಿತ್ತು. ಆ ತಪ್ಪಿನಿಂದ ಹರಿಹರದ ಒಬ್ಬ ಮನುಷ್ಯನ ಮಾತನ್ನು ಯಾರೂ ನಂಬದಂತಾಯಿತು.

ಅವರ ಕೇರಿಯ ಮುಸ್ಲಿಂ ಹುಡುಗರಂತೆ ನಾನೂ ಅವರನ್ನು ಉಸ್ತಾದ್, ಅಂದರೆ ಗುರು, ಎಂದೇ ಕರೆಯುತ್ತಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನನಗೆ ಪ್ರೊಸೆಸರ್ ಎಂದರೆ ಪುಸ್ತಕದ ಚಿತ್ರ ಅಷ್ಟೇ. ಅವರು ಕಾಲೇಜಿನ ಪಂಪಿನ ಮೋಟರಿಗೆ ತಂತಿ ಸುತ್ತಿ ವೈಂಡಿಂಗ್ ಮಾಡಿಕೊಡಲು ಹರಿಹರದಿಂದ ಬರುತ್ತಿದ್ದರು. ಒಂದು ದಿನ ಲ್ಯಾಬಿನ ಬಾಗಿಲಲ್ಲಿ ನಿಂತು, ಕೆಟ್ಟ ಕಂಪ್ಯೂಟರೊಂದರ ಎದುರು ನಾನು ಕೈಕಟ್ಟಿ ಕುಳಿತದ್ದನ್ನು ನೋಡಿ, ಬಿಚ್ಚಲೇ ಎಂದು ಕೇಳಿದರು. ಬಿಚ್ಚಿದರು. ಧೂಳು ಊದಿ, ಮೆಮೊರಿ ಪಟ್ಟಿ ತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಹಲ್ಲುಗಳನ್ನು ತಿಕ್ಕಿ ಮತ್ತೆ ಕೂರಿಸಿದರು. ಯಂತ್ರ ಎದ್ದಿತು. ನಾನು ಡಿಗ್ರಿ ಪಡೆದವನು, ಅವರು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮುಂದಿನ ಎರಡು ವರ್ಷ, ಭಾನುವಾರ ಬಂದರೆ ನಾನು ದಾವಣಗೆರೆಯ ಶಾಮನೂರಿನ ಮನೆಯಿಂದ ಹೊರಟು ಹರಿಹರದ ಬಸ್ಸು ಹತ್ತುತ್ತಿದ್ದೆ. ಹಳೆ ಊರಿನ ಕಡೆ ಇದ್ದ ಅವರ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತು, ಪಾಠ ಹೇಳಿಸಿಕೊಳ್ಳುತ್ತಿದ್ದೆ. ಅವರು ಎಂದೂ ಅದನ್ನು ಪಾಠ ಎನ್ನಲಿಲ್ಲ. ನಾಲ್ಕು ಜನರ ಎದುರು ನನ್ನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಕಲಿಸಿದ್ದರಲ್ಲಿ ಒಂದನ್ನು ಅವರು ಪದೇ ಪದೇ ಹೇಳುತ್ತಿದ್ದರು. ಪ್ರೊಸೆಸರಿನ ತಲೆಯ ಮೇಲೆ ಕೂರುವ ಲೋಹದ ಗಟ್ಟಿಗೆ, ಅಂದರೆ ಶಾಖ ಎಳೆದುಕೊಳ್ಳುವ ಹೀಟ್‌ಸಿಂಕಿಗೂ ಪ್ರೊಸೆಸರಿಗೂ ನಡುವೆ ಬೂದು ಬಣ್ಣದ ಒಂದು ಪೇಸ್ಟು ಇರುತ್ತದೆ. ಒಮ್ಮೆ ಬಿಚ್ಚಿದರೆ ಹಳೆಯದನ್ನು ಸ್ಪಿರಿಟ್ಟಿನಲ್ಲಿ ಕನ್ನಡಿಯಂತೆ ಒರೆಸಬೇಕು. ಹೊಸದನ್ನು ಅಕ್ಕಿಕಾಳಿನಷ್ಟು ಇಟ್ಟು ಒತ್ತಬೇಕು. ನಡುವೆ ಒಂದು ಕಣ ಧೂಳು ಸಹ ಇರಬಾರದು. ಶಾಖಕ್ಕೆ ದಾರಿ ಸಿಗದಿದ್ದರೆ, ಪ್ರೊಸೆಸರ್ ಸುಟ್ಟುಹೋಗಬಾರದೆಂದು ತಾನೇ ವೇಗ ಇಳಿಸಿಕೊಂಡು ಕುಂಟುತ್ತದೆ. ಇದನ್ನು ನಾನು ನೂರಾರು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ.

ಕೊರೊನಾ ಮುಗಿದ ಮೇಲೆ ಲ್ಯಾಬಿಗೆ ಇಪ್ಪತ್ತು ಯಂತ್ರ ಬೇಕಾದವು. ಹೊಸದು ಕೊಳ್ಳುವ ಮನಸ್ಸು ಆಡಳಿತ ಮಂಡಳಿಗೆ ಇರಲಿಲ್ಲ. ಬಳಸಿದ್ದನ್ನೇ ನೋಡಿ ಎಂದರು. ಎರಡು ಕಡೆಯಿಂದ ಒಂದೊಂದು ಮಾದರಿ ಬಂತು. ದಾವಣಗೆರೆಯ ಒಂದು ಅಂಗಡಿಯದು ಎರಡು ಕೋರಿನ, ಅಂದರೆ ಏಕಕಾಲಕ್ಕೆ ಎರಡು ಕೆಲಸ ಮಾಡಬಲ್ಲ ಪ್ರೊಸೆಸರ್. ಹಳೆಯದೇ, ಆದರೆ ಇನ್ನೊಂದಕ್ಕಿಂತ ಎರಡು ತಲೆಮಾರು ಈಚಿನದು. ಕಡಿಮೆ ಕರೆಂಟಿನದು ಎಂದು ಅದರ ಹೆಗ್ಗಳಿಕೆ. ಉಸ್ತಾದರು ತಂದದ್ದು ನಾಲ್ಕು ಕೋರಿನದು, ಇನ್ನೂ ಹಳೆಯದು. ಅದರ ವಿವರದ ಹಾಳೆಯಲ್ಲಿ ತೊಂಬತ್ತೈದು ವ್ಯಾಟ್ ಎಂದು ಬರೆದಿತ್ತು. ಪ್ರಿನ್ಸಿಪಾಲರು ಅದೊಂದನ್ನು ನೋಡಿಯೇ ಮೂಗು ಮುರಿದರು. ನಮ್ಮ ಲ್ಯಾಬು ಯುಪಿಎಸ್ ಬ್ಯಾಟರಿಯ ಮೇಲೆ ಬದುಕುವ ಲ್ಯಾಬು. ಪ್ರಾಯೋಗಿಕ ಪರೀಕ್ಷೆಯ ಮಧ್ಯೆ ಕರೆಂಟು ಹೋಗಿ, ಬ್ಯಾಟರಿಯೂ ಕೈಕೊಟ್ಟರೆ ಮಕ್ಕಳು ಬರೆದ ಪ್ರೋಗ್ರಾಮೆಲ್ಲ ಮಣ್ಣುಪಾಲು. ಹಾಗಾಗಿ ವ್ಯಾಟಿನ ಪ್ರಶ್ನೆ ಕ್ಷುಲ್ಲಕವೇನೂ ಅಲ್ಲ.

ಉಸ್ತಾದರು ಈ ಮಾತು ಬರುತ್ತದೆಂದು ಮೊದಲೇ ಊಹಿಸಿದ್ದರು. ಮಾದರಿಯ ಯಂತ್ರವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ ದಿನವೇ ನನಗೆ ಹೇಳಿದ್ದರು.

"ಮೇಷ್ಟ್ರೇ, ತೊಂಬತ್ತೈದು ಅಂಬೋದು ಅದು ಮೈಮುರಿದು ದುಡಿದಾಗಿನ ಮಾತು. ದಿನಾ ಅಷ್ಟು ತಿನ್ನಂಗಿಲ್ಲ. ಐದು ಎಚ್‌ಪಿ ಪಂಪು ಅರ್ಧ ತಾಸಿಗೆ ಟ್ಯಾಂಕ್ ತುಂಬಿಸಿ ಸುಮ್ನಾಕ್ಕೈತೆ. ಎರಡು ಎಚ್‌ಪಿದು ಮಧ್ಯಾಹ್ನದ ತನಕ ಓಡ್ತೈತೆ. ಬರೇ ವ್ಯಾಟ್ ನೋಡಬ್ಯಾಡ್ರಿ, ಒಂದು ಕೆಲಸಕ್ಕೆ ಒಟ್ಟು ಎಷ್ಟು ತಿಂತು ನೋಡ್ರಿ."

ಅದು ಸರಿಯಾದ ಮಾತು. ನಾನು ಅಳೆಯುವುದೂ ಹಾಗೆಯೇ ಎಂದು ಭರವಸೆ ಕೊಟ್ಟೆ. ಆ ಮಾತಿನ ಹಿಂದೆ ಅವರಿಗಿದ್ದ ಆತಂಕವೂ ನನಗೆ ಗೊತ್ತಿತ್ತು. ಮುಚ್ಚಿದ ಕಾರ್ಖಾನೆಯೊಂದರ ಕಚೇರಿಯಿಂದ ಅಂಥ ಯಂತ್ರಗಳ ಇಡೀ ರಾಶಿಯನ್ನು ಅವರು ಎತ್ತಿದ್ದರು. ಒಂದೊಂದನ್ನೂ ಬಿಚ್ಚಿ, ತೊಳೆದು, ಜೋಡಿಸಿಟ್ಟಿದ್ದರು. ಅವರ ಅಂಗಡಿಯಲ್ಲಿ ಗ್ಯಾರಂಟಿ ಕಾರ್ಡು ಎಂಬುದು ಇರಲೇ ಇಲ್ಲ. ಅವರು ನಡೆಯುತ್ತದೆ ಎಂದರೆ ನಡೆಯುತ್ತದೆ. ಹರಿಹರದಿಂದ ಆನಗೋಡಿನವರೆಗೆ ಶಾಲೆಯವರು, ಮಂಡಿಯ ಅಡತಿ ಅಂಗಡಿಯವರು ಆ ಒಂದು ಮಾತಿನ ಮೇಲೆ ಯಂತ್ರ ಒಯ್ಯುತ್ತಿದ್ದರು. ನಮ್ಮ ಕಾಲೇಜು ಒಪ್ಪಿತೆಂದರೆ ಉಳಿದವರೂ ಒಪ್ಪುತ್ತಾರೆ, ಬೇಡವೆಂದರೆ ಉಳಿದವರೂ ಬೇಡವೆನ್ನುತ್ತಾರೆ. ಅವರ ಮಾತನ್ನು ತೂಗುವ ತಕ್ಕಡಿ ನನ್ನ ಕೈಯಲ್ಲಿತ್ತು. ಅದು ನನಗೆ ಸ್ವಲ್ಪ ಖುಷಿಯನ್ನೂ ಕೊಟ್ಟಿತ್ತು. ಸುಳ್ಳೇಕೆ ಹೇಳಲಿ, ಅವರಿಂದ ಕಲಿತವನು ಅವರನ್ನು ಪರೀಕ್ಷೆ ಮಾಡುವ ಸ್ಥಾನಕ್ಕೆ ಬಂದೆನಲ್ಲ ಎಂಬ ಖುಷಿ.

ಆ ವಾರವೇ ಆಯುಧಪೂಜೆ. ನಮ್ಮ ಲ್ಯಾಬಿನಲ್ಲಿ ಪ್ರತಿ ವರ್ಷ ಕಂಪ್ಯೂಟರುಗಳಿಗೆ ಪೂಜೆ ಆಗುತ್ತದೆ. ಮಾನಿಟರಿನ ನೆತ್ತಿಗೆ ಹೂವು, ಯುಪಿಎಸ್ಸಿಗೆ ಕುಂಕುಮ, ಬಾಗಿಲಿಗೆ ಬಾಳೆಕಂದು. ಬಸ್ಸಿನ ಕುಲುಕಾಟಕ್ಕೆ ಉಸ್ತಾದರ ಯಂತ್ರದ ಹೀಟ್‌ಸಿಂಕಿನ ಒಂದು ಕೊಂಡಿ ಸಡಿಲವಾಗಿತ್ತು. ನಾನು ಅದನ್ನು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ಪೇಸ್ಟಿನ ಟ್ಯೂಬು ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಜವಾನ ಪೂಜೆಯ ತಟ್ಟೆ ತಂದ. ಸುತ್ತ ಮಕ್ಕಳು ನಿಂತಿದ್ದರು. ಪ್ರೊಸೆಸರ್ ಬೋರ್ಡಿನ ಮೇಲೆ ಬೆಳ್ಳಿಯ ಬಿಲ್ಲೆಯಂತೆ ಹೊಳೆಯುತ್ತಿತ್ತು.

ಆಗ ನನಗೆ ಭಾಷಣ ಮಾಡುವ ಹುಕಿ ಬಂತು. ಎಲ್ಲರೂ ಪ್ಲಾಸ್ಟಿಕ್ಕಿಗೆ ಪೂಜೆ ಮಾಡುತ್ತೀರಿ, ಯಂತ್ರದ ಮಿದುಳು ಇಲ್ಲಿದೆ ನೋಡಿ, ಪೂಜೆ ಸಲ್ಲಬೇಕಾದ್ದು ಇದಕ್ಕೆ ಎಂದೆ. ನಮ್ಮದು ಬೆಳಿಗ್ಗೆ ಎದ್ದರೆ ವಿಭೂತಿ ಹಚ್ಚುವ ಮನೆ. ತಟ್ಟೆಯಲ್ಲಿದ್ದ ವಿಭೂತಿ ಗಟ್ಟಿಗೆ ಹನಿ ನೀರು ಹಾಕಿ, ತೇಯ್ದು, ಮೂರು ಬೆರಳು ಚಿಕ್ಕ ಜಾಗಕ್ಕೆ ಹಿಡಿಸದ ಕಾರಣ ಕಿರುಬೆರಳಿನ ತುದಿಯಿಂದ ಪ್ರೊಸೆಸರಿನ ಮೇಲೆ ಮೂರು ಗೆರೆ ಎಳೆದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ಫೋಟೋ ತೆಗೆದು ಫೋನಿನಲ್ಲಿ ಸ್ಟೇಟಸ್ ಹಾಕಿಕೊಂಡೆ. ಮಂಗಳಾರತಿ ಮುಗಿಯುವ ಹೊತ್ತಿಗೆ ಗೆರೆಗಳು ಒಣಗಿ ಬೆಳ್ಳಗೆ ಅಂಟಿಕೊಂಡಿದ್ದವು. ಪೇಸ್ಟು ಹಾಕುವ ಮೊದಲು ಅವನ್ನು ಒರೆಸಬೇಕಿತ್ತು. ಹಬ್ಬದ ದಿನ, ದೇವರ ಗುರುತನ್ನು ಚಿಂದಿಬಟ್ಟೆಯಿಂದ, ಸ್ಪಿರಿಟ್ಟಿನಿಂದ ಒರೆಸಲು ಕೈ ಬರಲಿಲ್ಲ. ಇಷ್ಟು ತೆಳ್ಳನೆಯ ಗೆರೆ ಏನು ಮಾಡೀತು ಎಂದುಕೊಂಡು, ಅದರ ಮೇಲೆಯೇ ಪೇಸ್ಟು ಇಟ್ಟು, ಹೀಟ್‌ಸಿಂಕ್ ಒತ್ತಿ, ಡಬ್ಬ ಮುಚ್ಚಿದೆ.

ಹಬ್ಬ ಕಳೆದು ಲ್ಯಾಬು ತೆರೆದ ದಿನ ಪರೀಕ್ಷೆ ಮಾಡಿದೆ. ಎರಡೂ ಯಂತ್ರಗಳಿಗೆ ಒಂದೇ ಕೆಲಸ ಕೊಟ್ಟೆ: ಕೊರೊನಾ ಕಾಲದ ನನ್ನ ಒಂದು ಆನ್‌ಲೈನ್ ಪಾಠದ ವಿಡಿಯೋವನ್ನು ಸಣ್ಣ ಅಳತೆಗೆ ಇಳಿಸುವುದು, ಆಮೇಲೆ ಮಕ್ಕಳ ಹಳೆಯ ಪ್ರೋಗ್ರಾಮುಗಳನ್ನೆಲ್ಲ ಸಾಲಾಗಿ ಓಡಿಸುವುದು. ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಮೀಟರಿನಲ್ಲಿ ಕರೆಂಟು ಅಳೆದೆ. ಎರಡು ಕೋರಿನದು ಸದ್ದಿಲ್ಲದೆ ಇಪ್ಪತ್ತೊಂದು ನಿಮಿಷಕ್ಕೆ ವಿಡಿಯೋ ಮುಗಿಸಿತು. ನಾಲ್ಕು ಕೋರಿನದು ಮೊದಲ ಎರಡು ನಿಮಿಷ ಓಡಿತು. ಆಮೇಲೆ ಅದರ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗತೊಡಗಿತು. ಶಾಖ ತೊಂಬತ್ತು ಡಿಗ್ರಿ ದಾಟಿತು, ವೇಗ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮುಗಿಸುವಷ್ಟರಲ್ಲಿ ಇಪ್ಪತ್ತಾರು ನಿಮಿಷ. ತಿಂದ ಕರೆಂಟೂ ಹೆಚ್ಚು. ಮತ್ತೊಮ್ಮೆ ಓಡಿಸಿದೆ, ಅದೇ ಕಥೆ.

ನಾನು ಬಿಚ್ಚಿ ನೋಡಲಿಲ್ಲ. ಮಕ್ಕಳಿಗೆ ಮೊದಲು ಹೇಳಿಕೊಡುವುದೇ ಅದನ್ನು: ವಿಪರೀತ ಬಿಸಿಯಾದರೆ ಬಿಚ್ಚಿ, ಪೇಸ್ಟು ನೋಡಿ. ವಿಭೂತಿಯ ವಿಷಯ ಮರೆತುಹೋಗಿತ್ತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ನಾಲ್ಕೇ ದಿನದಲ್ಲಿ ಮರೆಯುವಂಥದ್ದಲ್ಲ ಅದು. ನೆನಪಾಗದಂತೆ ನೋಡಿಕೊಂಡೆ ಎನ್ನುವುದೇ ಸರಿ. ವರದಿ ಬರೆದೆ. ಹರಿಹರದ ನಾಲ್ಕು ಕೋರಿನ ಯಂತ್ರ ಅಪಾಯಕಾರಿಯಾಗಿ ಬಿಸಿಯಾಗುತ್ತದೆ, ಹೇಳಿದ್ದಕ್ಕಿಂತ ನಿಧಾನ, ಕರೆಂಟು ಪೋಲು, ಲ್ಯಾಬಿಗೆ ಯೋಗ್ಯವಲ್ಲ. ಅಂಕಿಗಳ ಕೋಷ್ಟಕ ಬೇರೆ. ನೋಡಿದರೆ ಯಾರೂ ಎದುರಾಡಲಾರದಂಥ ವರದಿ.

ಪ್ರಿನ್ಸಿಪಾಲರು ಅದರ ಫೋಟೋ ತೆಗೆದು ತಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ಬೇರೆ ಕಾಲೇಜಿನವರು, ಹೈಸ್ಕೂಲಿನವರು ಎಲ್ಲ ಇರುವ ಗುಂಪು ಅದು. ಮಧ್ಯಾಹ್ನದ ಹೊತ್ತಿಗೆ ನನಗೆ ಮೆಚ್ಚುಗೆಯ ಫೋನುಗಳು ಬಂದವು. ಮರುದಿನ ಉಸ್ತಾದರೇ ಬಂದರು.

ಪ್ರಿನ್ಸಿಪಾಲರ ಕೋಣೆಯಲ್ಲಿ ಅವರಿಗೆ ಕುರ್ಚಿ ಕೊಟ್ಟಿದ್ದರು, ಅವರು ನಿಂತೇ ಇದ್ದರು. ಆಡಳಿತ ಮಂಡಳಿಯ ಇಬ್ಬರು ಅಲ್ಲಿದ್ದರು. ಮೇಜಿನ ಮೇಲೆ ನನ್ನ ವರದಿ. ಇಂಥ ಮಾಲು ತಂದಿರಲ್ಲ ಎಂದು ಪ್ರಿನ್ಸಿಪಾಲರು ನಯವಾಗಿಯೇ ಕೇಳಿದರು. ಉಸ್ತಾದರು ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ಆ ಡಬ್ಬಾನ ಒಂದ್ಸಲ ಬಿಚ್ಚಿ ನೋಡ್ರಿ. ನಾನು ಕೈ ಹಚ್ಚಂಗಿಲ್ಲ. ನೀವ ಬಿಚ್ರಿ, ನೀವ ನೋಡ್ರಿ, ಆಮ್ಯಾಲೆ ನೀವೇನು ಹೇಳ್ತೀರೋ ಅದಕ್ಕ ನಾನು ಒಪ್ತೀನಿ."

ಅಷ್ಟೇ ಕೇಳಿದ್ದು. ಹತ್ತು ನಿಮಿಷದ ಕೆಲಸ. ಆದರೆ ಮಂಡಳಿಯವರು ಕುಳಿತಿದ್ದಾರೆ, ವರದಿ ಊರೆಲ್ಲ ಸುತ್ತಿದೆ, ಈಗ ಬಿಚ್ಚಿ ಬೇರೆ ಏನಾದರೂ ಕಂಡರೆ ನನ್ನ ಮುಖ ಎಲ್ಲಿಡಲಿ? ನಾನು ಹೇಳಿದ ಮಾತನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

"ಪರೀಕ್ಷೆ ಕ್ರಮವಾಗಿ ಆಗೈತೆ. ಬೇಕಾದಾಗ ಬಿಚ್ಚೋಕೆ, ಬೇಕಾದಾಗ ಮುಚ್ಚೋಕೆ ಇದು ನಿಮ್ಮ ಅಂಗಡಿ ಅಲ್ಲ, ಕಾಲೇಜು."

ಅವರು ಆಗಲಿ ಎಂದರು. ಯಂತ್ರ ವಾಪಸು ಒಯ್ಯಿರಿ ಎಂದು ಪ್ರಿನ್ಸಿಪಾಲರು ಹೇಳಿದಾಗ, ಇರಲಿ ಬಿಡಿ, ಮಕ್ಕಳಿಗೆ ಬಿಚ್ಚಿ ತೋರಿಸಲು ಬರುತ್ತದೆ ಎಂದು ಹೇಳಿ ಹೊರಟರು. ಬಿಚ್ಚಿ ಎಂಬ ಮಾತನ್ನು ಅವರು ಒತ್ತಿ ಹೇಳಿದರೇ, ಅಥವಾ ನನ್ನ ಮನಸ್ಸೇ ಈಗ ಹಾಗೆ ಕೇಳಿಸಿಕೊಳ್ಳುತ್ತದೆಯೇ ತಿಳಿಯದು.

ಆಮೇಲಿನದು ಬೇಗ ಆಯಿತು. ಆನಗೋಡಿನ ಹೈಸ್ಕೂಲಿನವರು ಬೇಡವೆಂದರು. ಹಿಂದೆ ಒಯ್ದವರೂ, ಚೆನ್ನಾಗಿ ನಡೆಯುತ್ತಿದ್ದ ಯಂತ್ರಗಳನ್ನು ತಂದು ಅವರ ಅಂಗಡಿಯ ಮುಂದೆ ಇಟ್ಟರಂತೆ. ಬರವಣಿಗೆಯಲ್ಲಿ ಗ್ಯಾರಂಟಿ ಕೊಡಿ ಎಂದು ಗಿರಾಕಿಗಳು ಕೇಳತೊಡಗಿದರಂತೆ. ಮೂವತ್ತು ವರ್ಷ ಯಾರೂ ಕೇಳದಿದ್ದ ಮಾತು ಅದು. ಇದನ್ನೆಲ್ಲ ನನಗೆ ಹೇಳಿದವನು ನಮ್ಮ ಜವಾನ, ಅವನ ಊರು ಹರಿಹರ. ಮುಂದಿನ ಬೇಸಿಗೆಯ ಹೊತ್ತಿಗೆ ಉಸ್ತಾದರು ಅಂಗಡಿ ಮುಚ್ಚಿ ಕಂಪ್ಯೂಟರ್ ಕೆಲಸ ಬಿಟ್ಟರು. ತಮ್ಮನ ಅಂಗಡಿಯ ಒಂದು ಮೂಲೆಯಲ್ಲಿ ಫ್ಯಾನು, ಮಿಕ್ಸಿಗೆ ವೈಂಡಿಂಗ್ ಮಾಡುತ್ತ ಕುಳಿತರು. ನಾನು ಭಾನುವಾರಗಳಂದು ಹರಿಹರಕ್ಕೆ ಹೋಗುವುದನ್ನು ಎಂದೋ ಬಿಟ್ಟಿದ್ದೆ. ಈಗ ಹೋಗದಿರಲು ಕಾರಣವೂ ಸಿಕ್ಕಿತು.

ಎರಡು ಕೋರಿನ ಇಪ್ಪತ್ತು ಯಂತ್ರ ಬಂದವು. ಕೆಟ್ಟವೇನಲ್ಲ. ಆದರೆ ಮಕ್ಕಳು ನಾಲ್ಕು ಕಿಟಕಿ ತೆರೆದರೆ ಸಾಕು, ಏದುಸಿರು ಬಿಡುತ್ತಿದ್ದವು. ಒಂದು ವರ್ಷ ಕಳೆದು, ಕಾಲೇಜು ಕಚೇರಿಯ ಯಂತ್ರ ಕೆಟ್ಟಾಗ ಅಲ್ಲಿನವರು ಸದ್ಯಕ್ಕೆ ಏನಾದರೂ ಕೊಡಿ ಎಂದರು. ಬೀರುವಿನ ಮೇಲೆ ಕುಳಿತಿದ್ದ ಉಸ್ತಾದರ ಮಾದರಿಯನ್ನು ಇಳಿಸಿದೆ. ಧೂಳು ತೆಗೆಯಲೆಂದು ಬಿಚ್ಚಿದೆ. ಹೀಟ್‌ಸಿಂಕ್ ಎತ್ತಿದಾಗ ಅದರ ತಳದಲ್ಲಿ ಮೂರು ಗೆರೆ ಅಚ್ಚೊತ್ತಿತ್ತು. ಪೇಸ್ಟಿನ ಜಿಡ್ಡನ್ನೆಲ್ಲ ಬೂದಿ ಹೀರಿಕೊಂಡು ಗಾರೆಯಂತೆ ಹಕ್ಕಳೆಗಟ್ಟಿತ್ತು. ಗೆರೆಗಳ ನಡುವಿನ ಜಾಗದಲ್ಲಿ ಪೇಸ್ಟು ಲೋಹವನ್ನು ಮುಟ್ಟಿಯೇ ಇರಲಿಲ್ಲ.

ಕುಳಿತುಬಿಟ್ಟೆ. ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿದೆ, ಅವರು ಕಲಿಸಿದ ಹಾಗೆ, ಕನ್ನಡಿಯಂತೆ. ಅಕ್ಕಿಕಾಳಿನಷ್ಟು ಪೇಸ್ಟು ಇಟ್ಟೆ. ಅದೇ ವಿಡಿಯೋ, ಅದೇ ಮೀಟರು. ಹನ್ನೆರಡು ನಿಮಿಷ. ಶಾಖ ಅರವತ್ತನ್ನು ದಾಟಲಿಲ್ಲ. ಓಡುವಾಗ ಹೆಚ್ಚು ವ್ಯಾಟ್ ಎಳೆಯಿತು, ನಿಜ. ಆದರೆ ಬೇಗ ಮುಗಿಸಿತು. ಆ ಕೆಲಸಕ್ಕೆ ತಿಂದ ಒಟ್ಟು ಕರೆಂಟು ಎರಡು ಕೋರಿನದಕ್ಕಿಂತ ಒಂದು ಎಳೆ ಕಡಿಮೆಯೇ. ಸುಮ್ಮನೆ ಕುಳಿತಾಗ ಮಾತ್ರ ಅದು ನಾಲ್ಕಾರು ವ್ಯಾಟ್ ಹೆಚ್ಚು ತಿನ್ನುತ್ತಿತ್ತು. ಬರೀ ಟೈಪಿಂಗ್ ಕಲಿಸುವ ಲ್ಯಾಬಿಗೆ ಎರಡು ಕೋರಿನದೇ ಮೇಲು, ನಮ್ಮಂಥ ಲ್ಯಾಬಿಗೆ ನಾಲ್ಕು ಕೋರಿನದು ಮೇಲು. ನ್ಯಾಯವಾಗಿ ಬರೆದಿದ್ದರೆ ವರದಿ ಇಷ್ಟೇ ಇರುತ್ತಿತ್ತು. ಉಸ್ತಾದರು ಹೇಳಿದ್ದೂ ಇಷ್ಟೇ.

ಹೊಸ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಆ ಭಾನುವಾರ ಹರಿಹರಕ್ಕೆ ಹೋದೆ. ಅವರು ಮಿಕ್ಸಿಯ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಬರ್ರಿ, ಕೂಡ್ರಿ ಎಂದರು, ನಿನ್ನೆ ಮೊನ್ನೆ ಬಂದು ಹೋದವನಿಗೆ ಹೇಳುವ ಹಾಗೆ. ಚಹಾ ತರಿಸಿದರು. ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ, ವಿಭೂತಿಯ ವಿಷಯವನ್ನೂ. ಅವರು ಸುತ್ತು ಎಣಿಸುವುದನ್ನು ನಿಲ್ಲಿಸಲಿಲ್ಲ. ಎಣಿಕೆ ಮುಗಿದ ಮೇಲೆ ತಂತಿ ಕತ್ತರಿಸಿ ಮಾತಾಡಿದರು.

"ನನಗೆ ಅವತ್ತೇ ಗೊತ್ತಿತ್ತು, ಮೇಷ್ಟ್ರೇ. ಹಬ್ಬದ ದಿನ ನಿಮ್ಮ ಸ್ಟೇಟಸ್ ನೋಡಿದ್ದೆ. ಒರೆಸಿ ಹಾಕ್ತಾರ ಬಿಡು, ನಾನ ಕಲಿಸೀನಿ ಅಂದ್ಕೊಂಡೆ."

ಮತ್ತೆ ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು. ಅವರು ಮೊದಲ ಸಲ ನನ್ನ ಮುಖ ನೋಡಿದರು.

"ನಿಮ್ಮ ವಿಭೂತಿಯಿಂದ ಯಂತ್ರ ಕೆಡ್ತು ಅಂತ ನಾನು ಹೇಳ್ಬೇಕಿತ್ತಾ? ಅಷ್ಟು ಜನರ ಮುಂದ, ನಾನು? ಅಂಗಡಿ ಹೋದ್ರ ಹೋತು, ಊರಾಗ ನನ್ನ ಮಕ್ಕಳು ತಿರುಗಾಡಬೇಕಲ್ರಿ. ಅದಕ್ಕ ನಿಮ್ಮನ್ನ ಬಿಚ್ಚಿ ನೋಡ್ರಿ ಅಂದಿದ್ದು."

ನಾನು ಆ ಕೋಣೆಯಲ್ಲಿ ಇದ್ದವನು. ಅವರು ನಿಂತಿದ್ದನ್ನು ನೋಡಿದವನು. ಈ ಕಾಲದಲ್ಲಿ, ಈ ಊರಿನಲ್ಲಿ, ಆ ಒಂದು ವಾಕ್ಯವನ್ನು ಅವರು ಆಡುವಂತಿರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆಯುವ ಅಗತ್ಯವೇ ನನ್ನಂಥವನಿಗೆ ಎಂದೂ ಬಿದ್ದಿರಲಿಲ್ಲ. ಹಾಳೆಯನ್ನು ಅವರ ಮುಂದೆ ಚಾಚಿದೆ. ಅವರು ಮುಟ್ಟಲಿಲ್ಲ. ಕಾಲೇಜಿನಲ್ಲಿ ಹೇಳಿದಿರಾ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ.

"ಹಂಗಾದ್ರ ಮೊದಲು ಅಲ್ಲಿ ಹೇಳಿ ಬರ್ರಿ. ನನಗ ಹೇಳಿ ಏನು ಮಾಡ್ತೀರಿ, ನನಗ ಗೊತ್ತೇ ಐತೆ."

ಬಸ್ಸಿನಲ್ಲಿ ವಾಪಸು ಬರುವಾಗ, ನಾಳೆಯೇ ಹೇಳುತ್ತೇನೆ ಎಂದು ಗಟ್ಟಿಮಾಡಿಕೊಂಡಿದ್ದೆ. ಸೋಮವಾರ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಲ್ಯಾಬಿನ ಕಿಟಕಿಗೆ ಪರದೆ ಬೇಕೆಂದು ಕೇಳಿ ಬಂದೆ. ಇನ್ನೊಮ್ಮೆ ಹೋಗಿ ರಜೆಯ ಅರ್ಜಿ ಕೊಟ್ಟು ಬಂದೆ. ನಾನು ಹೇಳಿದ್ದರೆ ಯಾರೂ ನನ್ನ ಮೇಲೆ ಬೀಳುತ್ತಿರಲಿಲ್ಲ. ನನ್ನದೇ ಮನೆಯ ವಿಭೂತಿ, ನನ್ನದೇ ಬೆರಳು. ಹೆಚ್ಚೆಂದರೆ ನಕ್ಕು, ಎಂಥ ಮೇಷ್ಟ್ರಯ್ಯಾ ನೀನು ಎನ್ನುತ್ತಿದ್ದರು. ಅವರ ಬಾಯಿಗೆ ಬೀಗ ಹಾಕಿದ್ದು ಊರು. ನನ್ನ ಬಾಯಿಗೆ ಬೀಗ ಹಾಕಿದವರು ಯಾರೂ ಇಲ್ಲ. ಆ ನಗೆಗೆ ಹೆದರಿ ಎರಡು ವರ್ಷ ಕಳೆದಿದ್ದೇನೆ. ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ.

ಕೊನೆಗೂ ಬರೆದು ಒಪ್ಪಿಕೊಂಡನಲ್ಲ ಎಂದು ಇದನ್ನು ಓದಿದವರು ನನ್ನನ್ನು ಮೆಚ್ಚಬಹುದು. ಮೆಚ್ಚಬೇಡಿ. ಇಷ್ಟು ಪುಟಗಳಲ್ಲಿ ಕಾಲೇಜು ಯಾವುದೆಂದು ಹೇಳಿಲ್ಲ, ನಾನು ಯಾರೆಂದು ಹೇಳಿಲ್ಲ, ಅವರು ಯಾರೆಂದೂ ಹೇಳಿಲ್ಲ. ಇದನ್ನು ಓದಿ ಯಾರೂ ಅವರನ್ನು ಹುಡುಕಿಕೊಂಡು ಹೋಗಲಾರರು. ಆ ಸುಳ್ಳು ವರದಿಯಲ್ಲಿ ಮಾತ್ರ ಮೊದಲ ಸಾಲಿನಲ್ಲೇ ಅವರ ಹೆಸರು, ಅಂಗಡಿಯ ಹೆಸರು, ವಿಳಾಸ ಎಲ್ಲವನ್ನೂ ಬರೆದಿದ್ದೆ. ಕೆಳಗೆ ನನ್ನ ಪೂರ್ತಿ ಹೆಸರು ಬರೆದು, ಸಹಿ ಮಾಡಿ, ಸೀಲು ಒತ್ತಿದ್ದೆ.